ಬೇಲಿಯಾಚೆ ಬಿದ್ದ ಕೆಂಪು ಡಿಸ್ಕು

"ನನ್ನ ಮಗಳು ಕಳ್ಳಿ ಅಲ್ಲ ಅಂತ ಅವರ ಬಾಯಿಂದಲೇ ಹೇಳಿಸಿಕೊಡಿ ಡಾಕ್ಟ್ರೇ. ನಾನು ಬೇರೇನೂ ಕೇಳೋದಿಲ್ಲ."

ಭದ್ರಾವತಿಯ ದಾಕ್ಷಾಯಣಮ್ಮ ಚಪ್ಪಲಿ ಬಿಡುವುದಕ್ಕೂ ಮೊದಲೇ ಈ ಮಾತು ಆಡಿದರು. ಅವರ ಹಿಂದೆ ಮಗಳು ತನುಜಾ ನಿಂತಿದ್ದಳು. ಓಡಿ ಆಡಿ ಗಟ್ಟಿಯಾದ ಮೈಯ ಹುಡುಗಿ. ಆದರೆ ಅವತ್ತು ಮೆಟ್ಟಿಲು ಹತ್ತುವಾಗಲೂ ಕಂಬ ಹಿಡಿದುಕೊಂಡಿದ್ದಳು.

ಅದು ತೊಂಬತ್ತೊಂಬತ್ತನೇ ಇಸವಿ, ಸಂಕ್ರಾಂತಿ ಕಳೆದ ಮುಂದಿನ ವಾರ. ವಿನೋಬನಗರದಲ್ಲಿ ಡಾಕ್ಟರ್ ಶಿವಯೋಗಪ್ಪನವರ ಮನೆಯ ಜಗುಲಿಯಲ್ಲಿ ಅವರೂ ನಾನೂ ಅವರೆಕಾಯಿ ಸುಲಿಯುತ್ತಾ ಕೂತಿದ್ದೆವು. ಡಾಕ್ಟರ್ ಎಂದರೆ ದನದ ಡಾಕ್ಟರ್. ಸರ್ವೀಸಿನುದ್ದಕ್ಕೂ ನಾನು ಅವರ ಕಾಂಪೌಂಡರ್ ಆಗಿದ್ದವನು, ಈಶ್ವರಪ್ಪ ಅಂತ. ಇಬ್ಬರೂ ರಿಟೈರಾದ ಮೇಲೂ ನಾನು ದುರ್ಗಿಗುಡಿಯಿಂದ ಬೆಳಿಗ್ಗೆ ಬೆಳಿಗ್ಗೆ ಅವರ ಮನೆಗೆ ಹೋಗುವುದು ತಪ್ಪಿರಲಿಲ್ಲ. ಬಾಯಿಲ್ಲದ ರೋಗಿಗಳ ಕಾಯಿಲೆ ಕಂಡುಹಿಡಿದವರಿಗೆ ಬಾಯಿದ್ದವರ ಸುಳ್ಳು ಹಿಡಿಯುವುದು ಏನು ಮಹಾ ಎಂದು ಜನರ ಲೆಕ್ಕ. ಕಳೆದ ಸರ, ಸತ್ತ ನಾಯಿ, ಸರಿದ ಗಡಿಕಲ್ಲು, ಎಲ್ಲಕ್ಕೂ ಅವರ ಹತ್ತಿರ ಬರುತ್ತಿದ್ದರು. ಅವರು ಮಾತ್ರ, "ದನಗಳೇ ವಾಸಿ ಮಾರಾಯ, ನೋವಿರೋ ಕಡೆ ಮುಟ್ಟಿದರೆ ಒದೀತಾವೆ. ಮನುಷ್ಯರು ನೋವಿಲ್ಲದ ಕಡೆ ಮುಟ್ಟಿದರೂ ಒದೀತಾರೆ" ಎನ್ನುತ್ತಿದ್ದರು.

"ಏನು ಕದ್ದಳು ಅಂತಾರೆ?" ಎಂದು ಡಾಕ್ಟರು ಕೇಳಿದರು.

"ಒಂದು ಡಿಸ್ಕು" ಎಂದಳು ತನುಜಾ.

ನನಗೆ ಅರ್ಥವಾಗಲಿಲ್ಲ. ಆಕೆ ನಿಧಾನವಾಗಿ ವಿವರಿಸಿದಳು. ಭದ್ರಾವತಿಯಲ್ಲಿ ಅವರ ಕಾಲೋನಿಯ ಹಳೆಯ ಮೈದಾನದಲ್ಲಿ ಒಂದು ಹೊಸ ಆಟ ಶುರುವಾಗಿತ್ತು. ವೆಂಕಟಾಚಲ ಎನ್ನುವ ಇಂಜಿನಿಯರು ಹಿಂದೆ ಟ್ರೈನಿಂಗಿಗೆಂದು ಸ್ವೀಡನ್ನಿಗೆ ಹೋದವರು, ಅಲ್ಲಿಂದ ಒಂದಷ್ಟು ಪ್ಲಾಸ್ಟಿಕ್ ಡಿಸ್ಕು ತಂದಿದ್ದರು. ಊಟದ ತಟ್ಟೆಯಷ್ಟು ಅಗಲ, ಅಂಚು ಬಗ್ಗಿದ್ದು. ಗುಜರಿಯ ಸರಪಳಿ ಕೊಂಡು, ಕಂಬಕ್ಕೆ ಜೋತುಬಿಟ್ಟು, ಕೆಳಗೆ ಕಬ್ಬಿಣದ ಬುಟ್ಟಿ ಬೆಸುಗೆ ಹಾಕಿಸಿದ್ದರು. ದೂರದಿಂದ ಎಸೆದ ಡಿಸ್ಕು ಸರಪಳಿಗೆ ಬಡಿದು ಬುಟ್ಟಿಗೆ ಬೀಳಬೇಕು. ಯಾರು ಕಡಿಮೆ ಎಸೆತದಲ್ಲಿ ಎಲ್ಲ ಬುಟ್ಟಿ ಮುಗಿಸುತ್ತಾರೋ ಅವರು ಗೆದ್ದಂತೆ.

"ಇದಕ್ಕೆ ಕಳ್ಳತನವೇ?" ಎಂದೆ.

"ಡಿಸ್ಕು ಇಲ್ಲೆಲ್ಲೂ ಸಿಗಲ್ಲ ಸರ್. ಪೊದೆಗೆ, ಚಾನಲ್ ನೀರಿಗೆ ಬಿದ್ದು ಬಿದ್ದು ಈಗ ನಾಲ್ಕೈದು ಉಳಿದಿವೆ. ಅದಕ್ಕೇ ವೆಂಕಟಾಚಲ ಸರ್ ಬೇವಿನ ಮರಕ್ಕೆ ಬೋರ್ಡ್ ಹೊಡೆಸಿದಾರೆ. ಹೆಸರಿದ್ದದ್ದು ಹೆಸರಿನವರಿಗೆ, ಹೆಸರಿಲ್ಲದ್ದು ಸಿಕ್ಕವರಿಗೆ, ಮುಚ್ಚಿಟ್ಟುಕೊಂಡವರು ಹೊರಗೆ."

ಸಂಕ್ರಾಂತಿಗೆ ಸ್ವಲ್ಪ ಮುಂಚೆ, ಬ್ಯಾಂಕಿನ ಸುಘೋಷ ಎಂಬುವರು ಐದನೇ ಬುಟ್ಟಿಗೆ ಎಸೆದ ಕೆಂಪು ಡಿಸ್ಕು ಗಾಳಿಗೆ ವಾಲಿ ಬೇಲಿಯ ಕಡೆ ಹೋಗಿತ್ತು. ಎಲ್ಲರೂ ಲಂಟಾನ ಪೊದೆ ಬಡಿದು ಹುಡುಕಿದರು. ಸಿಗಲಿಲ್ಲ. ಹಬ್ಬ ಕಳೆದ ಭಾನುವಾರ ಆಟ ಮುಗಿದಾಗ ಜ್ಞಾನೇಶ್ ಎನ್ನುವವನು, "ಡಿಸ್ಕು ಕಡಿಮೆ ಆಗ್ತಾ ಇದೆ, ಎಲ್ಲರ ಚೀಲ ನೋಡೋಣ" ಎಂದ. ಬೇವಿನ ಮರದ ಮೊಳೆಗಳಿಗೆ ಚೀಲ ನೇತುಹಾಕುವುದು ರೂಢಿ. ತನುಜಾಳ ಚೀಲದಿಂದ ಕೆಂಪು ಡಿಸ್ಕು ಬಂತು. ಒಳಮೈಯಲ್ಲಿ ಬರೆದಿದ್ದ ಸುಘೋಷನ ಹೆಸರು ಪೂರ್ತಿ ಅಳಿಸಿಹೋಗಿತ್ತು.

"ಹೆಸರಿಲ್ಲದ್ದು ಅವರದ್ದೇ ಅಂತ ಹೇಗೆ ಗೊತ್ತು?" ಎಂದರು ಡಾಕ್ಟರು.

"ಆಯುಧಪೂಜೆಗೆ ಅವರು ಸ್ಕೂಟರ್ ಜೊತೆ ಡಿಸ್ಕಿಗೂ ಪೂಜೆ ಮಾಡಿದ್ದರು. ಊದುಬತ್ತಿ ತಾಗಿ ಒಂದು ತೂತು ಬಿದ್ದಿತ್ತು."

ಡಾಕ್ಟರು ನಗಲಿಲ್ಲ. "ಇದರಿಂದ ನಿನಗೆ ಏನು ಹೋಗುತ್ತೆ?"

ಉತ್ತರ ಕೊಟ್ಟವರು ತಾಯಿ. "ಕೆಲಸ ಹೋಗುತ್ತೆ. ಕಾಲೋನಿ ಸ್ಕೂಲಿನಲ್ಲಿ ಇವಳೂ ಆ ಜ್ಞಾನೇಶನೂ ಟೆಂಪರರಿ ಆಟದ ಮೇಷ್ಟ್ರು. ಪರ್ಮನೆಂಟ್ ಜಾಗ ಇರೋದು ಒಂದೇ. ಕಮಿಟಿ ಅಧ್ಯಕ್ಷರು ಅದೇ ವೆಂಕಟಾಚಲ. ಇವಳಿಗೇ ಅಂತ ಮಾತಾಗಿತ್ತು. ಈಗ ಸೋಮವಾರದಿಂದ ಮನೇಲಿರು ಅಂದಿದಾರೆ. ಬರೋ ಭಾನುವಾರ ಸಂಜೆ ತೀರ್ಮಾನ ಮಾಡ್ತಾರಂತೆ. ಇವರಪ್ಪ ಇಲ್ಲ ಡಾಕ್ಟ್ರೇ, ನಮ್ಮ ಮನೆ ನಡೆಯೋದು ಇವಳಿಂದ."

"ಚೀಲದಲ್ಲಿ ಬೇರೆ ಏನಿತ್ತು?"

ತನುಜಾ ತಡೆದಳು. "ಟವಲ್ಲು, ನೀರಿನ ಬಾಟಲಿ. ಆಮೇಲೆ ಮನೇಲಿ ಕೊಡವಿದಾಗ ತಳದಲ್ಲಿ ಒಂದು ಅಚ್ಚು ಬೆಲ್ಲ. ಇರುವೆ ಮುತ್ತಿತ್ತು. ಅಮ್ಮ ಇಟ್ಟಿರಬೇಕು ಅಂದುಕೊಂಡೆ."

"ನಾನ್ಯಾಕೆ ಚೀಲಕ್ಕೆ ಬೆಲ್ಲ ಹಾಕಲಿ?" ಎಂದರು ದಾಕ್ಷಾಯಣಮ್ಮ.

ಡಾಕ್ಟರು ಕೈಯಲ್ಲಿದ್ದ ಅವರೆಕಾಯಿಯನ್ನು ಸುಲಿಯದೆ ಮೊರಕ್ಕೆ ಹಾಕಿದರು. "ನಿಮ್ಮ ಮನೆಯಲ್ಲಿ ಒಲೆ ಯಾವುದು?"

"ಗ್ಯಾಸು. ಸೌದೆ ಒಲೆ ಬಿಟ್ಟು ವರ್ಷಗಳಾದವು. ಯಾಕೆ ಡಾಕ್ಟ್ರೇ?"

"ಸುಮ್ಮನೆ. ಹೊಗೆ ಕುಡಿದವರ ಕಣ್ಣು ಹೀಗಿರಲ್ಲ." ಅಷ್ಟೇ ಹೇಳಿ ಎದ್ದರು.

ನನಗೆ ಆಗಲೇ ತಲೆ ಕೆಟ್ಟಿತ್ತು. ಬೆಲ್ಲಕ್ಕೂ ಒಲೆಗೂ ಡಿಸ್ಕಿಗೂ ಯಾವ ಸಂಬಂಧ?

*

ಮಾರನೆಯ ದಿನ ಅವರ ಹಳೆಯ ಸ್ಕೂಟರಿನಲ್ಲಿ ಭದ್ರಾವತಿಗೆ ಹೋದೆವು. ಮೈದಾನದ ಹುಲ್ಲು ಒಣಗಿ ಹಳದಿಯಾಗಿತ್ತು. ಒಂದು ಕಡೆ ಶಾಲೆ, ಇನ್ನೊಂದು ಕಡೆ ಲಂಟಾನ ಬೇಲಿ, ಬೇಲಿಯಾಚೆ ಹಳೆಯ ಸಣ್ಣ ಮನೆಗಳ ಸಾಲು. ಸರಪಳಿಗಳ ಬುಟ್ಟಿಕಂಬಗಳು ಅಲ್ಲಲ್ಲಿ ನಿಂತಿದ್ದವು. ನನಗೆ ಅವು ಕಳೆ ಕೀಳದೆ ಬಿಟ್ಟ ಹೊಲದ ಬೆದರುಬೊಂಬೆಗಳಂತೆ ಕಂಡವು.

ವೆಂಕಟಾಚಲನವರು ಇಸ್ತ್ರಿ ಮಾಡಿದ ಅಂಗಿಯ ಮನುಷ್ಯ. ಡಿಸ್ಕನ್ನು ಕರವಸ್ತ್ರದಲ್ಲಿ ಸುತ್ತಿ ತಂದಿದ್ದರು. ಸುಘೋಷ ಬ್ಯಾಂಕಿನ ಊಟದ ಹೊತ್ತಿನಲ್ಲಿ ಬಂದ. ಜ್ಞಾನೇಶ್ ಮಕ್ಕಳಿಗೆ ಗಣರಾಜ್ಯೋತ್ಸವದ ಕವಾಯತು ಮಾಡಿಸುತ್ತಿದ್ದವನು ಸೀಟಿ ಕತ್ತಿನಲ್ಲೇ ಇಟ್ಟುಕೊಂಡು ಬಂದ. ನೋಡುವುದಕ್ಕೆ ಒಳ್ಳೆಯ ಹುಡುಗ. ನಮ್ಮಿಬ್ಬರಿಗೂ ಕುರ್ಚಿ ತಂದು ಹಾಕಿದ.

ಡಾಕ್ಟರು ಡಿಸ್ಕನ್ನು ಬಿಸಿಲಿಗೆ ಹಿಡಿದು ನೋಡಿದರು. ನಾನೂ ಬಗ್ಗಿ ನೋಡಿದೆ. ಊದುಬತ್ತಿಯ ತೂತು ಇತ್ತು. ಒಳಮೈ ಗೀರುಗೀರಾಗಿತ್ತು, ಹೆಸರಿನ ಸುಳಿವೂ ಇರಲಿಲ್ಲ. ಅಂಚಿನ ಒಂದು ಕಡೆ, ಒಳಮೈಗೆ ಮಾತ್ರ, ಪಕ್ಕಪಕ್ಕದಲ್ಲಿ ಅಗಲವಾದ ತಗ್ಗುಗಳ ಸಾಲು. ಅದೇ ಜಾಗದ ಹೊರಮೈ ನುಣ್ಣಗಿತ್ತು.

"ನಾಯಿ ಕಚ್ಚಿದೆ" ಎಂದೆ.

"ಸ್ಕ್ರೂಡ್ರೈವರಿನಲ್ಲಿ ಮೀಟಿದಾಳೆ ಕಣ್ರೀ. ನಂದು ಅಂತ ಗುರುತು ಸಿಗಬಾರದು ಅಂತ" ಎಂದ ಸುಘೋಷ. ಡಿಸ್ಕು ಸಿಕ್ಕ ಸಂತೋಷಕ್ಕಿಂತ ಅದರ ಗಾಯದ ಸಂಕಟವೇ ಅವನಿಗೆ ಹೆಚ್ಚಾಗಿತ್ತು. "ಹೆಸರು ಅಳಿಸೋಕೆ ಪೆಟ್ರೋಲ್ ಹಾಕಿರಬೇಕು."

"ಪೆಟ್ರೋಲಿಗೆ ಈ ಗೀರು ಬರಲ್ಲ, ಉಪ್ಪುಕಾಗದ" ಎಂದರು ವೆಂಕಟಾಚಲ.

"ಏನು ಹಾಕಿದರೇನು ಸರ್, ಬೂದಿ ಹಾಕಿ ತಿಕ್ಕಿದರೆ ಯಾರ ಹೆಸರು ಉಳಿಯುತ್ತೆ?" ಎಂದು ಜ್ಞಾನೇಶ್ ನಕ್ಕ. "ಪಾಪ, ಒಳ್ಳೆಯವಳೇ. ಆಸೆ ನೋಡಿ."

"ಚೀಲಗಳಲ್ಲಿ ಮೊದಲು ನೋಡಿದ್ದು ಯಾರದ್ದು?" ಎಂದು ಡಾಕ್ಟರು ಕೇಳಿದರು.

"ಅವಳದ್ದೇ" ಎಂದ ಸುಘೋಷ. "ಜ್ಞಾನೇಶನೇ ತೆಗೆದ. ಆಮೇಲೆ ಉಳಿದದ್ದು ನೋಡೋ ಅಗತ್ಯವೇ ಬೀಳಲಿಲ್ಲ."

"ತುದಿಯ ಮೊಳೆ ಅವಳದ್ದಲ್ವಾ ಸರ್, ಅಲ್ಲಿಂದ ಶುರು ಮಾಡಿದೆ" ಎಂದ ಜ್ಞಾನೇಶ್.

ವೆಂಕಟಾಚಲ ಕನ್ನಡಕ ತೆಗೆದು ಒರೆಸಿಕೊಂಡರು. "ಡಾಕ್ಟ್ರೇ, ನನಗೂ ಸಂತೋಷ ಇಲ್ಲ. ಆ ಹುಡುಗಿ ಆಡಿದ ಹಾಗೆ ಇಲ್ಲಿ ಯಾರೂ ಆಡಲ್ಲ. ಆದರೆ ಸಿಕ್ಕಿದ್ದನ್ನು ಹಿಂದಿರುಗಿಸದವರ ಕೈಗೆ ಮಕ್ಕಳನ್ನ ಹೇಗೆ ಕೊಡಲಿ?"

"ನಿಮ್ಮ ಮಾತು ನ್ಯಾಯವೇ" ಎಂದರು ಡಾಕ್ಟರು. ಡಿಸ್ಕಿನ ತಗ್ಗುಗಳ ಮೇಲೆ ಹೆಬ್ಬೆರಳು ಆಡಿಸಿದರು. "ಈ ಹಲ್ಲಿನವರು ಯಾವತ್ತೂ ಸುಳ್ಳು ಹೇಳಿದ್ದು ನಾನು ಕಂಡಿಲ್ಲ. ಒಂದು ಸುತ್ತು ಹಾಕಿ ಬರ್ತೀವಿ."

ಬೇಲಿಯಲ್ಲಿ ಒಂದು ಕಂಡಿ ಇತ್ತು. ಅದರೊಳಗೆ ನುಸುಳಿದರೆ ನೇರ ಒಂದು ಹಿತ್ತಿಲು. ಒಂದು ಹುಲ್ಲಿನ ಬಣವೆ, ನೀರು ಕಾಯಿಸುವ ಸೌದೆ ಒಲೆ, ನಲ್ಲಿ, ಚಿಕ್ಕ ಕೊಟ್ಟಿಗೆ. ಕೊಟ್ಟಿಗೆಯಲ್ಲಿ ಕಪಿಲೆ ಬಣ್ಣದ ಹಸು. ಕೊಂಬಿನ ಅರಿಶಿನ ಇನ್ನೂ ಹೋಗಿರಲಿಲ್ಲ. ಮನೆಯ ಯಜಮಾನ ಲಿಂಗಪ್ಪ ಬಾಗಿಲಲ್ಲಿ ಕೂತು ಬೀಡಿ ಕಟ್ಟಿನ ದಾರ ಬಿಚ್ಚುತ್ತಿದ್ದ.

"ದನದ ಡಾಕ್ಟ್ರಾ? ನಾವು ಕರೆಸಿಲ್ಲವಲ್ಲ" ಎಂದ.

"ಕರೆಯದೇ ಬಂದರೆ ಫೀಸಿಲ್ಲ" ಎಂದು ಡಾಕ್ಟರು ಹಸುವಿನ ಕತ್ತು ತುರಿಸಿದರು. ಆಮೇಲೆ ತುಟಿ ಎತ್ತಿ ಬಾಯಿ ನೋಡಿದರು. ಹೊಟ್ಟೆಗೆ ಕಿವಿ ಇಟ್ಟರು. "ಮೇವು ಸರಿಯಾಗಿ ತಿಂತಾ ಇದೆಯಾ? ಸಗಣಿ?"

"ಎಲ್ಲಾ ಸರಿ ಇದೆ. ಅದರ ಗರ್ವ ಒಂದೇ ಜಾಸ್ತಿ. ಹಬ್ಬದ ದಿನ ಪೊಂಗಲು ಇಟ್ಟರೆ ಪಾತ್ರೆಯನ್ನೂ ತಿನ್ನೋಕೆ ಹೋಗುತ್ತೆ."

"ಮನೆಯವರು ಇಲ್ಲವಾ?"

"ಜಲಜಾ ಹೊಳೆಹೊನ್ನೂರಿಗೆ ಹೋದಳು. ಮಗಳ ಬಾಣಂತನ. ಭಾನುವಾರ ಬೆಳಿಗ್ಗೆ ಫೋನ್ ಬಂತು, ಮಗು ಆಯ್ತು ಅಂತ. ಎಲ್ಲ ಬಳಿದು ಬೆಳಗಿ ಮಧ್ಯಾಹ್ನದ ಬಸ್ಸಿಗೆ ಹೋದಳು. ನನಗೀಗ ಮಜ್ಜಿಗೆ ಅನ್ನವೇ ಗತಿ. ನೀವೂ ಕುಡಿಯಿರಿ."

ಅವನು ಒಳಗಿನಿಂದ ಮಜ್ಜಿಗೆಯ ಗಡಿಗೆಯನ್ನೇ ಹೊತ್ತು ತಂದ. ಮೇಲೆ ಮುಚ್ಚಿದ್ದ ಕೆಂಪು ಪ್ಲಾಸ್ಟಿಕ್ ತಟ್ಟೆಯನ್ನು ತೆಗೆದು ನನ್ನ ಕೈಗೆ ಕೊಟ್ಟು ಲೋಟಕ್ಕೆ ಬಗ್ಗಿಸಿದ. ತಟ್ಟೆಯ ಹಿಂದೆ ಗುಲಾಬಿ ಬಣ್ಣದ ಒಂದು ಚುಕ್ಕೆ ಇತ್ತು, ಉಗುರಿಗೆ ಹಚ್ಚುವ ಬಣ್ಣದ್ದು. ಅದನ್ನು ಕಂಡೆ, ಕಂಡು ಸುಮ್ಮನಾದೆ. ಮಜ್ಜಿಗೆಗೆ ಶುಂಠಿ ಚೆನ್ನಾಗಿ ಬಿದ್ದಿತ್ತು.

ಹೊರಗೆ ಬಂದ ಮೇಲೆ ಡಾಕ್ಟರು ಕೇಳಿದರು. "ಏನು ಕಂಡೆ ಈಶ್ವರಪ್ಪ?"

"ಆರೋಗ್ಯವಾದ ಹಸು. ನೀವು ಬಂದಿದ್ದು ಕಳ್ಳರನ್ನ ಹುಡುಕೋಕೆ, ನೋಡಿದ್ದು ಹಸುವಿನ ಬಾಯಿ."

"ಹೂಂ" ಎಂದು ಸ್ಕೂಟರ್ ಒದ್ದರು.

ಅದರ ಮಾರನೆಯ ದಿನ ಅವರೊಬ್ಬರೇ ಬಸ್ಸಿನಲ್ಲಿ ಹೊಳೆಹೊನ್ನೂರಿಗೆ ಹೋಗಿ ಬಂದರು. ಏನಾಯಿತೆಂದು ಕೇಳಿದ್ದಕ್ಕೆ, "ಗಂಡುಮಗು, ಅಜ್ಜನ ಮೂಗು" ಎಂದರು. ಕೋಪ ಬಂದು ಅವತ್ತು ನಾನು ಕಾಫಿ ಕುಡಿಯದೇ ಮನೆಗೆ ಹೊರಟೆ. ದಾರಿಯುದ್ದಕ್ಕೂ ಯೋಚಿಸಿದೆ. ಸುಘೋಷನೇ ಡಿಸ್ಕು ಬಚ್ಚಿಟ್ಟು ಅವಳ ಚೀಲಕ್ಕೆ ಹಾಕಿದನೇ? ಅವನಿಗೇನು ಲಾಭ? ಜ್ಞಾನೇಶನಿಗೆ ಲಾಭವಿದೆ, ಆದರೆ ಅವನಿಗೆ ಡಿಸ್ಕು ಎಲ್ಲಿ ಸಿಕ್ಕಿತು? ಸಿಕ್ಕಿದ್ದರೂ ಹೆಸರನ್ನೇಕೆ ಅಳಿಸಿದ? ಹೆಸರಿದ್ದಿದ್ದರೆ ಅವಳನ್ನು ಸಿಕ್ಕಿಸುವುದು ಇನ್ನೂ ಸುಲಭವಿತ್ತಲ್ಲ. ತನುಜಾಳೇ ಕದ್ದಿದ್ದರೆ, ಕದ್ದ ಮಾಲನ್ನು ಎಲ್ಲರೂ ಚೀಲ ನೇತುಹಾಕುವ ಮರಕ್ಕೇಕೆ ತಂದಳು? ಯಾವ ಕಡೆಯಿಂದ ನೇಗಿಲು ಹೂಡಿದರೂ ಕಲ್ಲಿಗೇ ತಾಗುತ್ತಿತ್ತು.

*

ಭಾನುವಾರ ಸಂಜೆ ಬೇವಿನ ಮರದ ಕೆಳಗೆ ಕುರ್ಚಿ ಹಾಕಿದ್ದರು. ವೆಂಕಟಾಚಲ, ಸುಘೋಷ, ಜ್ಞಾನೇಶ್, ಆಟಕ್ಕೆ ಬರುವ ನಾಲ್ಕು ಜನ, ಒಂದು ತುದಿಯಲ್ಲಿ ದಾಕ್ಷಾಯಣಮ್ಮ ಮತ್ತು ತನುಜಾ. ತನುಜಾ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಡಾಕ್ಟರು ಡಿಸ್ಕನ್ನು ಕೈಗೆ ತೆಗೆದುಕೊಂಡರು.

"ಇದರ ಅಂಚಿನಲ್ಲಿ ಹಲ್ಲಿನ ಗುರುತಿದೆ. ನಾಯಿ ಕಚ್ಚಿದ್ದರೆ ಎರಡೂ ಮೈಗೆ ಬೀಳ್ತಿತ್ತು, ನಾಯಿಗೆ ಮೇಲೂ ಹಲ್ಲು ಕೆಳಗೂ ಹಲ್ಲು. ಇಲ್ಲಿರೋದು ಒಂದೇ ಕಡೆ. ಮೇಲುದವಡೆಯಲ್ಲಿ ಮುಂದಿನ ಹಲ್ಲೇ ಇಲ್ಲದ ಪ್ರಾಣಿ ಯಾವುದು?"

"ದನ" ಎಂದು ನನಗೇ ಗೊತ್ತಿಲ್ಲದೆ ಕೂಗಿದೆ. ಸಾವಿರಾರು ದನಗಳ ಬಾಯಿ ಹಿಡಿದವನು ನಾನು. ನಾಚಿಕೆಯಾಯಿತು.

"ಈಶ್ವರಪ್ಪನಿಗೆ ಈಗ ನೆನಪಾಯ್ತು. ಐದನೇ ಬುಟ್ಟಿಯ ಬೇಲಿಯಾಚೆ ಹಸು ಇರೋ ಮನೆ ಒಂದೇ. ಅಲ್ಲಿ ಬೇಲಿಗೆ ಅಂಟಿಕೊಂಡೇ ಹುಲ್ಲಿನ ಬಣವೆ ಇದೆ. ಸುಘೋಷ ಎಸೆದ ಡಿಸ್ಕು ಪೊದೆಗೆ ಬೀಳಲೇ ಇಲ್ಲ. ಪೊದೆ ದಾಟಿ ಬಣವೆಗೆ ಹೊಕ್ಕಿತು. ನೀವು ಈಚೆ ಬಡಿದಿರಿ. ಆಚೆ ಯಾರನ್ನಾದರೂ ಕೇಳಿದಿರಾ?"

"ಇಲ್ಲ" ಎಂದ ಸುಘೋಷ.

"ಅಲ್ಲಿಂದ ಅದು ಹುಲ್ಲಿನ ಜೊತೆ ಹಸುವಿನ ಮುಂದಕ್ಕೆ ಬಂತು. ಹಸು ನೆಕ್ಕಿತು, ಕಚ್ಚಿತು. ಹಸುವಿನ ನಾಲಿಗೆ ಅಂದರೆ ಅರ. ಹೆಸರು ಅರ್ಧ ಅಲ್ಲೇ ಹೋಯ್ತು. ಉಳಿದ ಅರ್ಧ ಹೋಗಿದ್ದು ಬೂದಿಗೆ. ಇನ್ನು ಬೆಲ್ಲದ ವಿಷಯ."

"ಯಾವ ಬೆಲ್ಲ?" ಎಂದ ಸುಘೋಷ.

"ತನುಜಾ ಚೀಲದ ತಳದಲ್ಲಿ ಒಂದು ಅಚ್ಚು ಬೆಲ್ಲ ಇತ್ತು. ಕದ್ದ ಮಾಲಿನ ಜೊತೆ ಯಾರೂ ಬೆಲ್ಲ ಇಡಲ್ಲ. ಸಿಕ್ಕಿಸಬೇಕು ಅಂತ ಇಡೋರೂ ಬೆಲ್ಲ ಇಡಲ್ಲ. ಬೆಲ್ಲ ಇಡೋದು ಒಂದೇ ಸಂದರ್ಭದಲ್ಲಿ. ದಾಕ್ಷಾಯಣಮ್ಮ, ನಿಮ್ಮ ಮನೆಗೆ ಬಂದ ಪಾತ್ರೆ ಹಿಂದಕ್ಕೆ ಹೇಗೆ ಕೊಡ್ತೀರಿ?"

"ಖಾಲಿ ಹೇಗೆ ಕೊಡೋದು? ಏನಾದರೂ ಹಾಕಿ..." ದಾಕ್ಷಾಯಣಮ್ಮ ಅಲ್ಲಿಗೇ ನಿಂತರು. ಅವರ ಕೈ ತಾನಾಗಿ ಬಾಯಿಗೆ ಹೋಯಿತು. "ಅಯ್ಯೋ! ಹಬ್ಬದಲ್ಲಿ ಎಳ್ಳು ಕೊಟ್ಟು ಕಳಿಸಿದ ತಟ್ಟೆ! ಕೆಂಪು ತಟ್ಟೆ!"

"ನಿಮ್ಮ ಗುರುತು ಗುಲಾಬಿ ಚುಕ್ಕೆಯಾ?"

"ಹೌದು. ಹಬ್ಬದಲ್ಲಿ ತಟ್ಟೆಗಳು ಅದಲು ಬದಲಾಗುತ್ತವೆ ಅಂತ ಇವಳ ನೈಲ್ ಪಾಲಿಶ್ ಹಚ್ಚಿಡ್ತೀನಿ."

"ಅದು ಲಿಂಗಪ್ಪನ ಮಜ್ಜಿಗೆ ಗಡಿಗೆ ಮೇಲೆ ಕೂತಿದೆ. ಈಶ್ವರಪ್ಪ ಅದನ್ನ ಕೈಯಲ್ಲಿ ಹಿಡಿದುಕೊಂಡೇ ಮಜ್ಜಿಗೆ ಕುಡಿದ. ಅದನ್ನ ಗಡಿಗೆಗೆ ಮುಚ್ಚಿದ್ದು ಜಲಜಮ್ಮನಿಗೆ ಮರೆತಿತ್ತು. ಕೊಟ್ಟಿಗೆಯಲ್ಲಿ ಕೆಂಪು ತಟ್ಟೆ ಕಂಡಾಗ, ಗಂಡ ತನುಜಾ ಮನೆ ತಟ್ಟೆಯಲ್ಲೇ ಹಸುವಿಗೆ ಪೊಂಗಲು ಇಟ್ಟಿದಾನೆ, ಎಷ್ಟು ಅವಮಾನ ಅಂದುಕೊಂಡರು. ಊರಿಗೆ ಹೊರಡೋ ಗಡಿಬಿಡಿ. ಬೂದಿ ಹಾಕಿ ತಿಕ್ಕಿದರು, ಬೆಲ್ಲ ಇಟ್ಟರು, ಕಂಡಿಯಿಂದ ನುಸುಳಿ ಬಂದು ಚೀಲಕ್ಕೆ ಇಟ್ಟು ಹೋದರು. ಈ ಕತೆಯಲ್ಲಿ ಕದ್ದವರೇ ಇಲ್ಲ."

ಸುಘೋಷ ಎದ್ದು ನಿಂತ, ಮತ್ತೆ ಕೂತ. ವೆಂಕಟಾಚಲನವರ ಮುಖ ಕೆಂಪಾಗಿತ್ತು. ತನುಜಾ ಮಾತ್ರ ತಲೆ ಎತ್ತಿರಲಿಲ್ಲ. ಎಲ್ಲ ಮುಗಿಯಿತು ಎಂದು ನಾನು ಚಪ್ಪಲಿ ಹುಡುಕಿದೆ.

"ಕೂತ್ಕೊ ಮಾರಾಯ. ಇನ್ನೊಂದಿದೆ" ಎಂದರು ಡಾಕ್ಟರು. "ಈ ಮರದಲ್ಲಿ ಅಷ್ಟೊಂದು ಚೀಲ. ತನುಜಾ ಚೀಲ ಯಾವುದು ಅಂತ ಜಲಜಮ್ಮನಿಗೆ ಹೇಗೆ ಗೊತ್ತಾಯ್ತು? ಅವರನ್ನೇ ಕೇಳೋಣ. ಮಧ್ಯಾಹ್ನದ ಬಸ್ಸಿಗೆ ಬಂದಿದಾರೆ."

ಬೇಲಿಯ ಕಂಡಿಯಿಂದ ಗಂಡನ ಹಿಂದೆ ಜಲಜಮ್ಮ ಬಂದರು. ಇಷ್ಟೊಂದು ಕುರ್ಚಿಗಳನ್ನು ಕಂಡು ಸೆರಗು ಸರಿಮಾಡಿಕೊಂಡರು.

"ಏನ್ರಪ್ಪ ಇದು, ಒಂದು ತಟ್ಟೆಗೆ ಪಂಚಾಯ್ತಿಯಾ? ಅದಲು ಬದಲಾಗಿದ್ರೆ ಕೂಗಿ ಹೇಳಿದ್ರೆ ಆಗ್ತಿರಲಿಲ್ವಾ? ನಾನೇನು ಇಟ್ಕೋತಿದ್ನಾ?"

"ಇಟ್ಕೊಳ್ಳೋರಲ್ಲ ನೀವು" ಎಂದರು ಡಾಕ್ಟರು. "ಚೀಲ ತೋರಿಸಿದ್ದು ಯಾರು ಅಮ್ಮ?"

"ಇಲ್ಲಿ ಒಬ್ಬ ಹುಡುಗ ಕೂತಿದ್ದ. ಉಳಿದವರೆಲ್ಲ ಆ ತುದೀಲಿ ಎಸೀತಾ ಇದ್ರು. 'ತನುಜಂದು ಯಾವುದಪ್ಪ' ಅಂದೆ. ತೋರಿಸ್ದ. 'ಹಸು ನೆಕ್ಕಿತ್ತು, ಬೂದಿ ಹಾಕಿ ಚೆನ್ನಾಗಿ ತಿಕ್ಕಿದೀನಿ, ಬೇಜಾರು ಮಾಡ್ಕೋಬೇಡ ಅಂತ ಹೇಳು' ಅಂದೆ. ಆಗ್ಲಿ ಅಮ್ಮ ಅಂದ." ಜಲಜಮ್ಮ ಸುತ್ತ ನೋಡಿ ಬೆರಳು ಚಾಚಿದರು. "ಇವನೇ. ಯಾಕಪ್ಪ, ಹೇಳ್ಲಿಲ್ವಾ?"

ಬೆರಳು ಜ್ಞಾನೇಶನ ಕಡೆಗಿತ್ತು.

ಡಾಕ್ಟರು ತಗ್ಗಿದ ದನಿಯಲ್ಲಿ ಹೇಳಿದರು. "ಒಬ್ಬರು ಪೆಟ್ರೋಲ್ ಅಂದರು, ಒಬ್ಬರು ಉಪ್ಪುಕಾಗದ ಅಂದರು. ಬೂದಿ ಅಂದವನು ನೀನೊಬ್ಬನೇ. ಹಿಂದಕ್ಕೆ ಕೊಡೋ ಪಾತ್ರೆ ತಿಕ್ಕಿ ಕೊಡ್ತಾರಲ್ಲ ಅಂತಲೇ ನಾನು ಮೊದಲ ದಿನ ಒಲೆ ಯಾವುದು ಅಂತ ಕೇಳಿದ್ದು; ತನುಜಾ ಮನೇಲಿ ಗ್ಯಾಸು, ಬೂದಿಯೇ ಇಲ್ಲ. ಅವತ್ತೇ ನನಗೆ ಅನುಮಾನ ಬಂತು. ಎಲ್ಲ ಬಿಟ್ಟು ಮೊದಲು ಅವಳ ಚೀಲಕ್ಕೇ ಕೈ ಹಾಕಿದೆ ಅಂದಾಗ ಅದು ಗಟ್ಟಿಯಾಯ್ತು."

ಜ್ಞಾನೇಶ್ ಕುರ್ಚಿಯಿಂದ ಎದ್ದ. "ನಾನು ಕದ್ದಿಲ್ಲ ಸರ್. ನಾನು ಇಟ್ಟೂ ಇಲ್ಲ. ಒಂದು ಸುಳ್ಳೂ ಹೇಳಿಲ್ಲ. ಯಾರು ಇಟ್ಟರು ಅಂತ ನನ್ನನ್ನ ಯಾರೂ ಕೇಳಲಿಲ್ಲ."

"ನೀನು ಚೀಲ ನೋಡೋಣ ಅಂದೆ" ಎಂದಳು ತನುಜಾ. ಅವತ್ತು ಅವಳು ಆಡಿದ ಮೊದಲ ಮಾತು ಅದು.

"ಅಂದೆ." ಅವನು ನೆಲ ನೋಡಿದ. "ಅಜ್ಜಿ ಕೈಯಲ್ಲಿ ಡಿಸ್ಕು ನೋಡಿದಾಗ ನಗು ಬಂತು. ಎಲ್ಲರಿಗೂ ಹೇಳಿ ನಗಬೇಕು ಅಂತಲೇ ಇದ್ದೆ. ಆಮೇಲೆ ಒಂದು ಜಾಗ, ಇಬ್ಬರು ಅಂತ ನೆನಪಾಯ್ತು. ಬಾಯಿಗೆ ಬರಲಿಲ್ಲ. ಒಂದು ಸಲ ಬರದೇ ಹೋದಮೇಲೆ ಯಾವಾಗ ಹೇಳಬೇಕು ಅಂತ ಗೊತ್ತಾಗಲಿಲ್ಲ."

ವೆಂಕಟಾಚಲ ಎದ್ದು ಮರದ ಬೋರ್ಡಿನ ಮುಂದೆ ಹೋಗಿ ನಿಂತರು. ತಾವೇ ಬರೆಸಿದ್ದನ್ನು ಹೊಸದಾಗಿ ನೋಡುವವರಂತೆ ಓದಿದರು. "ಇದರಲ್ಲಿ ಯಾವುದಕ್ಕೆ ಇವನು ಸೇರ್ತಾನೆ ಡಾಕ್ಟ್ರೇ?"

"ಯಾವುದಕ್ಕೂ ಇಲ್ಲ. ಡಿಸ್ಕು ಮುಚ್ಚಿಟ್ಟವರಿಗೆ ನಿಮ್ಮಲ್ಲಿ ಶಿಕ್ಷೆ ಇದೆ. ಮಾತು ಮುಚ್ಚಿಟ್ಟವರಿಗೆ ಇಲ್ಲ. ಅದನ್ನ ನೀವೇ ನೋಡ್ಕೊಳ್ಳಿ. ನನ್ನನ್ನ ಈ ತಾಯಿ ಕೇಳಿದ್ದು ಒಂದೇ ಮಾತು, ಅದನ್ನ ಈಗ ನೀವು ಹೇಳಬೇಕು."

ವೆಂಕಟಾಚಲ ಕೈ ಮುಗಿದರು. "ತನುಜಾ, ನಿನ್ನದೇನೂ ತಪ್ಪಿಲ್ಲಮ್ಮ. ನಾಳೆಯಿಂದ ಶಾಲೆಗೆ ಬಾ. ಪರ್ಮನೆಂಟ್ ಆರ್ಡರ್ ನಿನಗೇ."

ದಾಕ್ಷಾಯಣಮ್ಮ ಅತ್ತರು. ತನುಜಾ ಅಳಲಿಲ್ಲ. "ಇಲ್ಲಿ ಹೇಳಿದರೆ ಸಾಲದು ಸರ್. ನನ್ನನ್ನ ಶಾಲೆಯ ಗೇಟಿನಿಂದ ವಾಪಸು ಕಳಿಸಿದ್ದು ಮಕ್ಕಳೆಲ್ಲ ನೋಡಿದಾರೆ. ಅವರ ಮುಂದೆ ಹೇಳಿ. ಆಮೇಲೆ ಬರ್ತೀನಿ."

ಶಾಲೆಯ ಅಧ್ಯಕ್ಷರಿಗೆ ಹಾಗೆ ಹೇಳಿದವರನ್ನು ಅಲ್ಲಿ ಯಾರೂ ಕಂಡಿರಲಿಲ್ಲ. ವೆಂಕಟಾಚಲ, "ಆಗಲಿ" ಎಂದರು.

*

ಸೋಮವಾರ ಡಾಕ್ಟರು ಹಸುವನ್ನು ಇನ್ನೊಮ್ಮೆ ನೋಡಬೇಕು, ಪ್ಲಾಸ್ಟಿಕ್ ಚೂರು ಏನಾದರೂ ನುಂಗಿದೆಯೋ ಎಂದು ಹೊರಟರು. ನಿಜವಾಗಿ ಹೊರಟಿದ್ದು ಯಾತಕ್ಕೆ ಎಂದು ನನಗೆ ಗೊತ್ತಿತ್ತು. ಪ್ರಾರ್ಥನೆಯ ಹೊತ್ತಿಗೆ ಶಾಲೆಯ ಕಾಂಪೌಂಡಿನ ಹೊರಗೆ ನಿಂತೆವು. ಮಾರನೆಯ ದಿನ ಗಣರಾಜ್ಯೋತ್ಸವ. ಮಕ್ಕಳು ಬಿಳಿ ಬೂಟು ಹಾಕಿಕೊಂಡು ಸಾಲಾಗಿ ನಿಂತಿದ್ದರು.

ವೆಂಕಟಾಚಲ ಮೈಕಿನ ಮುಂದೆ ನಿಂತು, ತಮ್ಮಿಂದ ತಪ್ಪಾಯಿತೆಂದೂ, ತನುಜಾ ಮೇಡಂ ಯಾವ ತಪ್ಪನ್ನೂ ಮಾಡಿಲ್ಲವೆಂದೂ, ಮಕ್ಕಳೂ ತಪ್ಪು ಮಾಡಿದರೆ ಒಪ್ಪಿಕೊಳ್ಳಬೇಕೆಂದೂ ಹೇಳಿದರು. ಅವರ ದನಿ ಎರಡು ಸಲ ನಿಂತಿತು. ಮಕ್ಕಳು ಪಿಳಿಪಿಳಿ ನೋಡುತ್ತಿದ್ದರು. ಯಾವ ತಪ್ಪು, ಯಾರದು, ಏನು ಒಪ್ಪಿಕೊಳ್ಳಬೇಕು, ಒಬ್ಬರಿಗೂ ತಿಳಿದಂತೆ ಕಾಣಲಿಲ್ಲ. ಚಪ್ಪಾಳೆ ತಟ್ಟಬೇಕೋ ಬೇಡವೋ ಎಂದು ಟೀಚರುಗಳ ಕಡೆ ತಿರುಗಿದರು. ಟೀಚರುಗಳು ಒಬ್ಬರ ಕಡೆ ಒಬ್ಬರು ತಿರುಗಿದರು.

ಕೊನೆಯ ಸಾಲಿನ ಹಿಂದೆ ಜ್ಞಾನೇಶ್ ನಿಂತಿದ್ದ. ಬಾ ಎಂದು ಯಾರೂ ಅವನನ್ನು ಕರೆದಿರಲಿಲ್ಲವಂತೆ, ಬರಬೇಡ ಎಂದೂ ಹೇಳಿರಲಿಲ್ಲವಂತೆ. ಅದು ಧೈರ್ಯವೋ, ಹೋಗಲು ಬೇರೆ ಜಾಗವಿಲ್ಲದ್ದೋ, ನನಗೆ ಇವತ್ತಿಗೂ ಗೊತ್ತಾಗಿಲ್ಲ. ಡಾಕ್ಟರನ್ನು ಕೇಳಿದೆ. "ಅದು ನನಗೂ ಗೊತ್ತಾಗ್ತಿಲ್ಲ ಮಾರಾಯ" ಎಂದರು.

ತನುಜಾ ಸಾಲುಗಳ ಮುಂದೆ ಬಂದು ನಿಂತಳು. ಮೊದಲ ಸಾಲಿನ ಎರಡು ಜಡೆಯ ಹುಡುಗಿಯೊಬ್ಬಳು ಕೈ ಎತ್ತಿದಳು.

"ಮಿಸ್, ನಿಮಗೆ ಜ್ವರ ಅಂತ ಗೇಟಿಂದ ವಾಪಸ್ ಕಳಿಸಿದಾರೆ ಅಂದಿದ್ರು. ಹೋಯ್ತಾ?"

ತನುಜಾ ಆ ಹುಡುಗಿಯನ್ನೇ ನೋಡಿದಳು. ಆಮೇಲೆ, ಆ ವಾರದಲ್ಲಿ ಮೊದಲ ಸಲ, ಅವಳ ಮುಖದಲ್ಲಿ ನಗು ಕಂಡಿತು.

"ಹೋಯ್ತು" ಎಂದಳು. "ಎಡಗಾಲು ಮುಂದೆ. ಎಲ್ಲರೂ ನೆಟ್ಟಗೆ ನೋಡಿ."